ಇಲ್ಲದ ಸೊಸೆಗೆ ಕೊಂಡ ಪುಸ್ತಕ

ಆಸ್ಪತ್ರೆಯ ಕಾರ್ಡುಗಳೆಲ್ಲ ರದ್ದಿಗೆ ಹೋಗಿ ಎರಡು ವರ್ಷವಾಗಿದ್ದರೂ ಅವಳನ್ನು ಎಲ್ಲರೂ ಇನ್ನೂ ಕಾರ್ಡಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳವರೆಗೆ ಯಾರಿಗೂ ಅವಳ ನಿಜವಾದ ಹೆಸರು ನೆನಪಿರಲಿಲ್ಲ. ಸಂಬಳದ ಚೀಟಿ ಕೈಗೆ ಬಂದಾಗ ಅವಳಿಗೇ ಒಮ್ಮೊಮ್ಮೆ ಇದ್ಯಾರಪ್ಪ ಅನ್ನಿಸುತ್ತಿತ್ತು. ಇಂಥ ಕಾರ್ಡಮ್ಮ ಒಂದು ಸೋಮವಾರ ಹಲ್ಲುನೋವೆಂದು ಸುಳ್ಳು ಹೇಳಿ, ಅರ್ಧ ದಿನ ರಜೆ ಬರೆದುಕೊಟ್ಟು, ಎರಡು ಬಸ್ಸು ಬದಲಿಸಿ, ವಿಶ್ವವಿದ್ಯಾಲಯದ ಹಿಂಬದಿಯ ಬೀದಿಯಲ್ಲಿ ಒಂದು ಪುಸ್ತಕದಂಗಡಿಯ ಮುಂದೆ ನಿಂತಿದ್ದಳು. ಹಲ್ಲುಗಳೇನೋ ಗಟ್ಟಿಯಾಗಿಯೇ ಇದ್ದವು. ನಡುಗುತ್ತಿದ್ದದ್ದು ಕಾಲು.

ಏನಾಯಿತು ಎಂದು ಹೇಳಬೇಕಾದರೆ ಅವಳ ಕೋಣೆಯಿಂದಲೇ ಶುರು ಮಾಡಬೇಕು. ಹೊರರೋಗಿಗಳ ಸಾಲಿನ ಪಕ್ಕ, ಮೆಟ್ಟಿಲ ಕೆಳಗೆ, ಕಿಟಕಿಯಿಲ್ಲದ ಉದ್ದನೆಯ ಕೋಣೆ. ಗೋಡೆಯಿಂದ ಗೋಡೆಗೆ ಮರದ ಕಪಾಟು, ಕಪಾಟಿನ ತುಂಬ ಕಾರ್ಡು, ಒಬ್ಬ ರೋಗಿಗೆ ಒಂದರಂತೆ. ಇಪ್ಪತ್ತಾರು ವರ್ಷ ಅವಳ ಬೆರಳು ಅವುಗಳ ಮೇಲೆ ಓಡಾಡಿತ್ತು. ರೋಗಿ ಹೆಸರು ಹೇಳಿ ಬಾಯಿ ಮುಚ್ಚುವುದರೊಳಗೆ ಕಾರ್ಡು ಹೊರಗೆ ಬರುತ್ತಿತ್ತು. ಗಡಿಯಾರ ರಿಪೇರಿ ಮಾಡುವ ಅವಳ ಗಂಡ, "ಇವಳಿಗೆ ನಾನು ಹುಟ್ಟಿದ ದಿನ ನೆನಪಿರಲ್ಲ, ಊರೋರ ಮೂಲವ್ಯಾಧಿ ಎಲ್ಲಾ ಬಾಯಿಪಾಠ" ಎಂದು ಬಂದವರ ಮುಂದೆಲ್ಲ ಗೊಣಗುತ್ತಿದ್ದ. ಆ ಗೊಣಗಾಟದಲ್ಲಿ ಜಂಬವೂ ಸ್ವಲ್ಪ ಇತ್ತು ಎನ್ನಿ.

ಆ ಕೋಣೆಯಲ್ಲಿ ಅವಳದೇ ಕಟ್ಟಳೆಗಳು ನಡೆಯುತ್ತಿದ್ದವು. ಯಾವ ರೋಗಿಗಾದರೂ ಒಂದು ಔಷಧಿ ಆಗಿಬರುವುದಿಲ್ಲ ಎಂದು ಗೊತ್ತಾದರೆ, ಕೆಂಪು ಶಾಯಿಯಲ್ಲಿ ಅದನ್ನು ಬರೆದು, ಕಾರ್ಡಿನ ಕೆಳಮೂಲೆಯನ್ನು ಕತ್ತರಿಯಿಂದ ಕತ್ತರಿಸಿಬಿಡುತ್ತಿದ್ದಳು. ಕರೆಂಟು ಹೋಗಿ ಕತ್ತಲಾದರೂ ಬೆರಳಿಗೆ ತಿಳಿಯಲಿ ಎಂದು. ಮೂಲೆ ಕತ್ತರಿಸಿದ ಕಾರ್ಡು ಬಂತೆಂದರೆ ನರ್ಸುಗಳು ಸೂಜಿ ಕೆಳಗಿಟ್ಟು ಮೊದಲು ಓದುತ್ತಿದ್ದರು. ಒಂದೇ ಹೆಸರಿನವರು ಇಬ್ಬರಿದ್ದರೆ ಮೇಲೆ ಪೆನ್ಸಿಲಿನಲ್ಲಿ ಅವರವರ ಕಸುಬು ಗೀಚುತ್ತಿದ್ದಳು: ಒಬ್ಬನಿಗೆ "ಸಾಣೆ", ಇನ್ನೊಬ್ಬನಿಗೆ "ಕಾವಲು". ಇನ್ನು ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಅವಳೇ ಅದನ್ನು ದಯಪಾಲಿಸುತ್ತಿದ್ದಳು. "ಐವತ್ತೋ ಅರವತ್ತೋ ಆಗಿರಬೇಕು ತಾಯಿ" ಎಂದರೆ, ಸರಿ, ಅರವತ್ತು ಎಂದುಕೊಂಡು, ವರ್ಷ ಕಳೆದು, ಜನವರಿ ಒಂದು ಎಂದು ಬರೆದುಬಿಡುವುದು. ಹೀಗೆ ಊರಿನ ಕಾಲುಭಾಗ ಜನ ಹೊಸ ವರ್ಷದ ದಿನವೇ ಭೂಮಿಗೆ ಬಿದ್ದವರಾಗಿದ್ದರು. ಅದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ, ಏಕೆಂದರೆ ಪೆನ್ಸಿಲ್ ಇತ್ತು.

ಎರಡು ವರ್ಷದ ಹಿಂದೆ ಕಂಪ್ಯೂಟರು ಬಂತು. ಕಾರ್ಡಿನಲ್ಲಿದ್ದುದನ್ನು ಒಳಗೆ ಹಾಕಲು ಹೊರಗಿನಿಂದ ಇಬ್ಬರು ಟೈಪಿಸ್ಟರು ಬಂದರು. ಕಂಪ್ಯೂಟರಿನ ನಮೂನೆಯಲ್ಲಿ ಹೆಸರಿಗೆ ಖಾನೆ ಇತ್ತು, ಹುಟ್ಟಿದ ದಿನಕ್ಕೆ ಇತ್ತು, ಆಗದ ಔಷಧಿಗೂ ಇತ್ತು. ಪೆನ್ಸಿಲಿನ ಗೀಚಿಗೆ ಮಾತ್ರ ಇರಲಿಲ್ಲ. ಕಪಾಟು ಖಾಲಿಯಾದ ದಿನ ಕಾರ್ಡುಗಳನ್ನು ಗೋಣಿಯಲ್ಲಿ ತುಂಬಿ ರದ್ದಿಗೆ ಕಳಿಸಿದರು. ಒಬ್ಬಿಬ್ಬರು ಹಳೇ ರೋಗಿಗಳು ನೆನಪಿಗಿರಲಿ ಎಂದು ತಮ್ಮ ಕಾರ್ಡು ಕೇಳಿ ಒಯ್ದರು. ಅವಳು ಕತ್ತರಿಯನ್ನು ಡ್ರಾಯರಿನಲ್ಲಿಟ್ಟು ಅತ್ತಳು.

ಆ ಇಬ್ಬರು ಟೈಪಿಸ್ಟರು ಎಷ್ಟೋ ಕಾರ್ಡುಗಳನ್ನು ಇಬ್ಬರೂ ಒಂದೊಂದು ಸಲ ಹೊಡೆದಿದ್ದಾರೆ ಎಂಬುದು ಆಮೇಲೆ ಬಯಲಾಯಿತು. ಒಬ್ಬನೇ ಮನುಷ್ಯ, ಎರಡೆರಡು ನಂಬರು. ಹೋದ ಶುಕ್ರವಾರ ಸೂಪರಿಂಟೆಂಡೆಂಟರ ಆದೇಶ ಬಂತು: ಹೆಸರು, ಹುಟ್ಟಿದ ದಿನ ಎರಡೂ ಒಂದೇ ಇದ್ದರೆ ಎರಡು ದಾಖಲೆಗಳನ್ನು ಸೇರಿಸಿ ಒಂದು ಮಾಡುವುದು. ಶನಿವಾರ ಕಾರ್ಡಮ್ಮ ಕುರ್ಚಿಯಿಂದ ಏಳದೆ ಐವತ್ತಮೂರು ಜೋಡಿ ಸೇರಿಸಿದಳು. ಪ್ರತಿ ಸಲವೂ ಪರದೆ "ಖಚಿತವೇ?" ಎಂದು ಕೇಳಿತು. ಪ್ರತಿ ಸಲವೂ ಹೌದೆಂದು ಒತ್ತಿದಳು. ಆದೇಶ ಬರೆದವರಿಗೆ ಜನವರಿ ಒಂದರ ಗುಟ್ಟು ಗೊತ್ತಿರಲಿಲ್ಲ. ಇಡೀ ಆಸ್ಪತ್ರೆಯಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ, ಅವಳಿಗೇ ಆ ಕ್ಷಣ ಹೊಳೆಯಲಿಲ್ಲ. ಕೆಲಸ ಬೇಗ ಮುಗಿಯಿತೆಂಬ ಖುಷಿಯಲ್ಲಿ ಮನೆಗೆ ಹೋಗಿ ಗಂಡನಿಗೆ ಹೇಳಿಕೊಂಡಿದ್ದಳು ಬೇರೆ.

ಸೋಮವಾರ ಬೆಳಿಗ್ಗೆ ಶಾಲೆಯ ಕಾವಲುಗಾರ ಕೆಮ್ಮಿಗೆ ಔಷಧಿ ಬದಲಿಸಿಕೊಳ್ಳಲು ಬಂದ. ಶುಕ್ರವಾರವೂ ಬಂದು ಹೋಗಿದ್ದವನು. ಅವನ ಹೆಸರು ಹೊಡೆದರೆ ಪರದೆಯ ಮೇಲೆ ಬುಧವಾರ ಬೆಳಿಗ್ಗೆ ಎಂಟಕ್ಕೆ ಕಾಲಿನ ಆಪರೇಷನ್ ಎಂದು ಬಂತು.

"ನನಗ್ಯಾವ ಆಪರೇಷನ್ ಕಾರ್ಡಮ್ಮ? ಕಾಲು ನೋಡು, ಕುದುರೆ ಕಾಲು" ಎಂದು ಅವನು ಕಾಲು ಎತ್ತಿಯೇ ತೋರಿಸಿದ.

ಅವನು ನಗುತ್ತಿದ್ದ. ಅವಳು ಪರದೆಯನ್ನು ಮತ್ತೊಮ್ಮೆ ಓದಿದಳು. ಕಾಲಿನ ಗಾಯ ಸಾಣೆ ಹಿಡಿಯುವವನದು. ಆರು ತಿಂಗಳಿಗೊಮ್ಮೆ ಬಂದು ಅವಳ ಕತ್ತರಿಗೆ ಸಾಣೆ ಹಿಡಿದುಕೊಟ್ಟು, ಚಹಾ ಕುಡಿದು ಹೋಗುತ್ತಿದ್ದ ಮುದುಕ. ಅದೇ ಹೆಸರು, ಅವಳೇ ಕೊಟ್ಟ ಅದೇ ವರ್ಷದ ಜನವರಿ ಒಂದು. ಇಪ್ಪತ್ತು ವರ್ಷದ ಕೆಳಗೆ ಪೆನಿಸಿಲಿನ್ ಸೂಜಿ ಚುಚ್ಚಿದ ಐದು ನಿಮಿಷಕ್ಕೆ ಅವನ ಮುಖ ಊದಿ, ಉಸಿರು ಕಟ್ಟಿ, ಕಣ್ಣು ಮೇಲಾದದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಬದುಕಿದ್ದೇ ಹೆಚ್ಚು. ಅವತ್ತೇ ಅವನ ಕಾರ್ಡಿನ ಮೂಲೆ ಕತ್ತರಿಸಿದ್ದಳು. ಈಗ ಆಗದ ಔಷಧಿಯ ಖಾನೆಯಲ್ಲಿ ಏನಿದೆ ಎಂದು ನೋಡಿದಳು. "ಇಲ್ಲ" ಎಂದಿತ್ತು. ಎರಡು ದಾಖಲೆ ಬೇರೆ ಬೇರೆ ಹೇಳಿದರೆ ಕೊನೆಗೆ ಬಂದವರದನ್ನು ಇಟ್ಟುಕೊಳ್ಳುವುದು ಆ ಯಂತ್ರದ ಪದ್ಧತಿ. ಕೊನೆಗೆ ಬಂದವನು ಕಾವಲುಗಾರ.

ಆ ಖಾನೆಯನ್ನು ಮುಟ್ಟುವ ಅಧಿಕಾರ ಡಾಕ್ಟರಿಗೆ ಮಾತ್ರ. ಡಾಕ್ಟರಿಗೆ ಹೇಳಬೇಕಾದರೆ ಹೇಗಾಯಿತು ಎಂದು ಹೇಳಬೇಕು. ಹೇಳಿದರೆ ಉಳಿದ ಐವತ್ತೆರಡರ ಮಾತು ಬರುತ್ತದೆ. ಅದರಲ್ಲಿ ಎಷ್ಟು ನಿಜವಾದ ಜೋಡಿ, ಎಷ್ಟು ಬೇರೆ ಬೇರೆ ಜೀವ, ಅದರಲ್ಲಿ ಎಷ್ಟು ಮೂಲೆ ಕತ್ತರಿಸಿದವು? ಅವಳಿಗೆ ಒಂದೂ ನೆನಪಿರಲಿಲ್ಲ. ಕಂಪ್ಯೂಟರು ಕಲಿಸಿಕೊಟ್ಟವನು, "ಈ ಗುಂಡಿ ಒಂದು ಹುಷಾರು, ಒತ್ತಿದ್ಮೇಲೆ ಮುಗೀತು, ವಾಪಸ್ ಬರಲ್ಲ" ಎಂದು ಹೇಳಿದ್ದ. ನಿವೃತ್ತಿಗೆ ಇನ್ನೆರಡು ವರ್ಷ. ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು.

ಆಗ ನೆನಪಾದದ್ದು ಸಿಸ್ಟಮ್ ಮೇಡಂ ಕುರ್ಚಿಯ ಹಿಂದಿನ ಪುಸ್ತಕ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆ ಹುಡುಗಿ, ಏನಾದರೂ ಕೆಟ್ಟಾಗಲೆಲ್ಲ ಬೆನ್ನಿನ ಮೇಲೆ ಡೇಟಾಬೇಸ್ ಎಂದು ಬರೆದಿದ್ದ ಒಂದು ಪುಸ್ತಕ ತೆಗೆದು, ನಾಲ್ಕು ಹಾಳೆ ತಿರುಗಿಸಿ, ಟಕಟಕ ಹೊಡೆದು ಸರಿಮಾಡುತ್ತಿದ್ದಳು. ಅದರಲ್ಲಿ ಇದಕ್ಕೂ ಮದ್ದಿರಬೇಕು. ಅದನ್ನು ಓದಿ, ಬುಧವಾರದೊಳಗೆ ಯಾರಿಗೂ ಗೊತ್ತಾಗದಂತೆ ತಾನೇ ಬಿಡಿಸಿಬಿಡಬಹುದು. ಹೆದರಿದವರ ಬುದ್ಧಿ ಹೀಗೆಯೇ ಓಡುತ್ತದೆ, ಬಾಗಿಲು ಬಿಟ್ಟು ಗೋಡೆ ಕಡೆಗೆ. ಅವಳು ಹಲ್ಲುನೋವಿನ ರಜೆ ಬರೆದಳು.

ಪುಸ್ತಕದಂಗಡಿ ಉದ್ದಕ್ಕೆ ಒಳಗೆ ಹೋಗಿತ್ತು. ಎರಡೂ ಕಡೆ ಸೂರಿನವರೆಗೆ ಕಪಾಟು, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ಅವಳಿಗೆ ತನ್ನ ಹಳೆಯ ಕೋಣೆಗೇ ಬಂದಂತಾಗಿ ಉಸಿರು ಒಂದಿಷ್ಟು ಹಗುರಾಯಿತು. ಗಲ್ಲಾದ ಹಿಂದೆ ಅಂಗಡಿಯ ಯಜಮಾನ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತಿದ್ದ.

"ಹಣೆ ಮೇಲಿದೆ" ಎಂದಳು.

"ಅಯ್ಯೋ, ನಿಮ್ಮ ಹೊಟ್ಟೆ ತಣ್ಣಗಿರಲಿ. ಏನ್ ಬೇಕಮ್ಮ?"

"ಡೇಟಾಬೇಸ್ ಅಂತ… ಅದರ ಪುಸ್ತಕ."

"ಯಾವ ಸೆಮಿಸ್ಟರ್‌ದು?"

ಪುಸ್ತಕ ಕೊಳ್ಳಲು ಸೆಮಿಸ್ಟರ್ ಬೇಕು ಎಂಬುದು ಅವಳ ಲೆಕ್ಕದಲ್ಲಿ ಇರಲಿಲ್ಲ. "ನನಗಲ್ಲ" ಎಂದಳು, "ನನ್ನ… ಸೊಸೆಗೆ."

ಅವಳಿಗಿದ್ದದ್ದು ಒಬ್ಬನೇ ಮಗ. ಬೇಕರಿಯಲ್ಲಿ ಬ್ರೆಡ್ಡು ಬೇಯಿಸುತ್ತಿದ್ದ. ಮದುವೆಯ ಮಾತೆತ್ತಿದರೆ ಒಲೆ ಆರುತ್ತದೆ ಎಂದು ಎದ್ದು ಹೋಗುತ್ತಿದ್ದ.

"ಸೊಸೆ ಪುಸ್ತಕಕ್ಕೆ ಅತ್ತೆ ಬರೋದು ಅಂದ್ರೆ!" ಯಜಮಾನ ಕನ್ನಡಕ ಇಳಿಸಿ ಅವಳನ್ನು ಸರಿಯಾಗಿ ನೋಡಿದ. "ಮೂವತ್ತು ವರ್ಷದಿಂದ ಇಲ್ಲಿ ಕೂತಿದೀನಿ, ನೀವೇ ಮೊದಲನೆಯವರು. ಬನ್ನಿ ತಾಯಿ, ಸ್ಟೂಲ್ ಮೇಲೆ ಕೂತ್ಕೊಳ್ಳಿ. ಪರೀಕ್ಷೆ ಯಾವಾಗ?"

"ಬುಧವಾರ. ಬೆಳಿಗ್ಗೆ ಎಂಟಕ್ಕೆ."

"ಇವತ್ತು ಸೋಮವಾರ!" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದ್ರೆ ಇದೇ. ಮುಖ ಯಾಕಮ್ಮ ಹಂಗೆ ಮಾಡ್ಕೊಂಡ್ರಿ? ಹೋದ್ರೆ ಒಂದು ಪೇಪರ್ ಹೋಗುತ್ತೆ, ಪ್ರಾಣ ಏನ್ ಹೋಗಲ್ಲ."

ಅವಳ ಕಣ್ಣು ತುಂಬಿಬಂತು. ಸೆರಗಿನಿಂದ ಒರೆಸಿಕೊಂಡು ಧೂಳು ಎಂದಳು. ಯಜಮಾನ ಪಾಪ, ಧೂಳಿಗೆ ತಾನೇ ಕಾರಣವೆಂಬಂತೆ ಕ್ಷಮೆ ಕೇಳಿ, ಏಣಿ ಹತ್ತಿ, ಮೂರು ಪುಸ್ತಕ ಇಳಿಸಿ ಅವಳ ಮುಂದಿಟ್ಟ. ಒಂದು ದಿಂಬಿನಷ್ಟು ದಪ್ಪ. ಒಂದು ಸಾಧಾರಣ ಗಾತ್ರದ್ದು, ಯಾರೋ ಓದಿ ಮಾರಿದ್ದು, ಬೆನ್ನಿಗೆ ಕಂದು ಟೇಪು ಸುತ್ತಿತ್ತು. ಮೂರನೆಯದು ತೆಳ್ಳಗಿನ ಗೈಡು, ಬರೀ ಪ್ರಶ್ನೆ ಮತ್ತು ಉತ್ತರ.

"ದಪ್ಪಗಿರೋದು ಮೇಷ್ಟ್ರುಗಳು ಹೇಳೋದು. ತೆಳ್ಳಗಿರೋದು ಹುಡುಗರು ತಗೊಳ್ಳೋದು" ಎಂದ. "ದಪ್ಪದ್ದನ್ನ ಹೊತ್ಕೊಂಡು ಹೋದೋರು ಅರ್ಧ ಜನ ವಾಪಸ್ ತರ್ತಾರೆ. ಮಾಡೋದು ಮಾಡಿಬಿಟ್ಟು, ಆಮೇಲೆ ಬಂದು ಆಗೇ ಇಲ್ಲ ಅನ್ನೋ ಹಂಗೆ ಮಾಡಿ ಅಂದ್ರೆ ಹೇಗಮ್ಮ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಾರ್ಡಮ್ಮ ಸ್ಟೂಲಿನಿಂದ ಅರ್ಧ ಎದ್ದೇಬಿಟ್ಟಿದ್ದಳು. ಅಷ್ಟರಲ್ಲಿ ಚೀಲದೊಳಗೆ ಫೋನು ಹೊಡೆದುಕೊಂಡಿತು. ತೆಗೆದು ನೋಡಿದರೆ ಆಸ್ಪತ್ರೆಯ ನಂಬರು. ಗೊತ್ತಾಯಿತು, ಗೊತ್ತಾಗಿಹೋಯಿತು ಅವರಿಗೆ, ಎಂದುಕೊಂಡಳು. ಫೋನು ಹೊಡೆದು ಹೊಡೆದು ನಿಂತಿತು. ಮತ್ತೆ ಶುರುವಾಯಿತು. ಮೂರನೆಯ ಸಲ ಬಂದಾಗ ಅವಳು ಅದರ ಕುತ್ತಿಗೆ ಹಿಚುಕುವಂತೆ ಗುಂಡಿ ಒತ್ತಿ, ಪೂರ್ತಿ ಆಫ್ ಮಾಡಿ, ಚೀಲದ ತಳಕ್ಕೆ ತುರುಕಿದಳು.

"ಸೊಸೇನಾ?" ಎಂದ ಯಜಮಾನ.

"ಹೂಂ" ಎಂದಳು.

ಅವಳು ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ತೆರೆದಳು. ಯಜಮಾನ ತಡೆದ. "ಪುಸ್ತಕ ಕೊಳ್ಳುವಾಗ ಮುಂದಿನಿಂದ ನೋಡಬಾರದಮ್ಮ, ಅಲ್ಲಿ ಎಲ್ಲರೂ ಚೆನ್ನಾಗೇ ಮಾತಾಡ್ತಾರೆ. ಹಿಂದಿನಿಂದ ನೋಡಿ. ಕೊನೇಲಿ ಪದಗಳ ಪಟ್ಟಿ ಇರುತ್ತೆ. ನಿಮ್ಮ ಸೊಸೆಗೆ ಯಾವುದು ಕಷ್ಟವೋ ಆ ಪದ ಹುಡುಕಿ, ಆ ಪುಟ ತೆಗೀರಿ. ಒಂದು ಪುಟದೊಳಗೆ ನಿಮಗೇ ಅರ್ಥ ಆದ್ರೆ ಅದೇ ಒಳ್ಳೆ ಪುಸ್ತಕ. ಆಗದಿದ್ರೆ ಕೆಳಗಿಡಿ."

ಅಕ್ಷರದ ಸಾಲಿನಲ್ಲಿ ಜೋಡಿಸಿದ ಪಟ್ಟಿ ಎಂದರೆ ಅವಳಿಗೆ ತವರುಮನೆ. ಕೈ ಪಟ್ಟಿಗೆ ತಾಗುತ್ತಲೇ ತನ್ನಷ್ಟಕ್ಕೆ ತಾನು ಓಡಿತು. ದಪ್ಪ ಪುಸ್ತಕದಲ್ಲಿ "ಸೇರಿಸುವುದು" ಎಂದು ಹುಡುಕಿದಳು. ಹನ್ನೊಂದು ಪುಟಗಳ ನಂಬರಿತ್ತು. ತೆಗೆದು ನೋಡಿದರೆ ಎರಡು ಪಟ್ಟಿಗಳನ್ನು ಸೇರಿಸಿ ಮೂರನೆಯ ಪಟ್ಟಿ ಮಾಡುವ ಮಾತು, ತುಂಬ ಬಾಣದ ಗುರುತು, ತಲೆಕೆಳಗಾದ ಅಕ್ಷರ. ಮನುಷ್ಯರ ಸುದ್ದಿಯೇ ಇರಲಿಲ್ಲ. ಕೆಳಗಿಟ್ಟಳು.

ಗೈಡಿನಲ್ಲಿ ಪದಗಳ ಪಟ್ಟಿಯಿರಲಿಲ್ಲ, ಪ್ರಶ್ನೆಗಳಿದ್ದವು. ನಲವತ್ತನೆಯ ಪ್ರಶ್ನೆ: ಒಮ್ಮೆ ಪೂರ್ಣಗೊಂಡ ಬದಲಾವಣೆಯ ಗುಣವೇನು? ಉತ್ತರ: ಅದು ಶಾಶ್ವತ. ಕರೆಂಟು ಹೋದರೂ, ಯಂತ್ರ ಕೆಟ್ಟರೂ ಅದು ಉಳಿಯುತ್ತದೆ. ಎರಡು ಅಂಕ.

ಅವಳು ಆ ಎರಡು ಸಾಲನ್ನು ಮೂರು ಸಲ ಓದಿದಳು. ಸಾಣೆಯವನ ಊದಿದ ಮುಖ ಪುಟದ ಮೇಲೆಯೇ ಕಾಣಿಸಿತು. ಅವಳು ಒತ್ತಿದ "ಹೌದು" ಶಾಶ್ವತವಂತೆ, ಅದನ್ನು ಬರೆದರೆ ಎರಡು ಅಂಕವಂತೆ. ಎದ್ದು ಹೋಗಿಬಿಡೋಣ ಎನ್ನಿಸಿತು, ಆದರೆ ಎಲ್ಲಿಗೆ ಎಂದು ಗೊತ್ತಾಗಲಿಲ್ಲ.

"ನೀರು ಕುಡೀರಮ್ಮ" ಎಂದು ಯಜಮಾನ ಲೋಟ ತಂದಿಟ್ಟ. "ಆ ಟೇಪಿನ ಪುಸ್ತಕ ಒಂದು ನೋಡಿಬಿಡಿ. ಅದನ್ನ ಮಾರಿದ ಹುಡುಗ ಅಳ್ತಾ ಮಾರಿದ. ನಾನು ಅದರಿಂದಲೇ ಒಳ್ಳೇದು ಅಂತ ಅಂದ್ಕೊಂಡೆ."

ಟೇಪಿನ ಪುಸ್ತಕದ ಪಟ್ಟಿಯಲ್ಲಿ "ಒಂದೇ ಹೆಸರಿನವರು" ಎಂದೇ ಒಂದು ಸಾಲಿತ್ತು. ನಲವತ್ತೊಂದನೆಯ ಪುಟ. ಅಲ್ಲಿ ಸರಳವಾಗಿ ಬರೆದಿತ್ತು: ಪಟ್ಟಿಯಲ್ಲಿ ಒಬ್ಬನನ್ನು ಉಳಿದವರೆಲ್ಲರಿಂದ ಬೇರೆ ಮಾಡಿ ತೋರಿಸುವುದು ಯಾವುದೋ ಅದು ಕೀಲಿ. ಹೆಸರು ಕೀಲಿಯಾಗದು, ಹುಟ್ಟಿದ ದಿನ ಕೀಲಿಯಾಗದು, ಎರಡೂ ಸೇರಿಯೂ ಆಗದಿರಬಹುದು. ಪಟ್ಟಿ ಮಾಡುವ ಮೊದಲು, ಆ ಕೆಲಸ ಮಾಡುತ್ತ ಬಂದವರು ಇಷ್ಟು ದಿನ ಯಾವುದರಿಂದ ಗುರುತಿಸುತ್ತಿದ್ದರು ಎಂದು ಕೇಳಿ ತಿಳಿಯಬೇಕು. ಹಾಳೆಯ ಅಂಚಿನಲ್ಲಿ ಅತ್ತ ಹುಡುಗ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದಿದ್ದ.

ಅವಳನ್ನು ಯಾರೂ ಕೇಳಿರಲಿಲ್ಲ. ಟೈಪಿಸ್ಟರು ಕೇಳಲಿಲ್ಲ, ಸೂಪರಿಂಟೆಂಡೆಂಟರು ಕೇಳಲಿಲ್ಲ. ಒಂದು ಗಳಿಗೆ ಅವಳಿಗೆ ಸಿಟ್ಟು ಬಂತು, ಸಿಟ್ಟಿನಿಂದ ಒಂದಿಷ್ಟು ಧೈರ್ಯವೂ ಬಂತು. ಮರುಗಳಿಗೆಗೆ ಎರಡೂ ಇಳಿದವು. ಅವಳಾದರೂ ಹೇಳಿದ್ದಳೇ? ಶನಿವಾರ ತನ್ನ ಕೈಯಿಂದಲೇ ಐವತ್ತಮೂರು ಸಲ ಒತ್ತುವಾಗ ಒಮ್ಮೆಯಾದರೂ ಪೆನ್ಸಿಲು ನೆನಪಾಯಿತೇ?

ಪಟ್ಟಿಯಲ್ಲಿ "ಹಿಂದಕ್ಕೆ ಪಡೆಯುವುದು" ಎಂದಿತ್ತು. ಇನ್ನೂರ ಎಂಬತ್ತನೆಯ ಪುಟ ತೆಗೆದಳು. ಬದಲಾವಣೆ ಶಾಶ್ವತ ಎಂದರೆ ಹಳೆಯದು ಎಲ್ಲಿಯೂ ಇಲ್ಲ ಎಂದಲ್ಲ ಎಂದು ಅಲ್ಲಿ ಬರೆದಿತ್ತು. ಯಂತ್ರ ಏನನ್ನಾದರೂ ಬದಲಿಸುವ ಮೊದಲು ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ: ಹಿಂದೆ ಏನಿತ್ತು, ಈಗ ಏನಾಯಿತು, ಎಷ್ಟು ಹೊತ್ತಿಗೆ, ಯಾರು ಮಾಡಿದರು. ಅದನ್ನು ನೋಡಿ ಹಳೆಯದನ್ನು ತರಬಹುದು.

ಕಾರ್ಡಮ್ಮನಿಗೆ ಜೀವ ಬಂದಂತಾಯಿತು, ಹೋದಂತೆಯೂ ಆಯಿತು. ಸಾಣೆಯವನ ಕೆಂಪು ಶಾಯಿ ಎಲ್ಲೋ ಉಳಿದಿದೆ. ಅದರ ಪಕ್ಕದಲ್ಲೇ ಅವಳ ಹೆಸರೂ ಇದೆ, ಗಂಟೆ ನಿಮಿಷದ ಸಮೇತ, ಐವತ್ತಮೂರು ಸಲ. ಯಾರಿಗೂ ತಿಳಿಯದಂತೆ ಬಿಡಿಸುವ ಆಸೆ ಅಲ್ಲಿಗೆ ಸತ್ತಿತು. ಮುಂದೆ ಇನ್ನೂ ಎರಡು ಸಾಲಿದ್ದವು: ಲಾಗನ್ನು ಎಷ್ಟು ದಿನ ಇಡುತ್ತಾರೆ ಎಂಬುದು ಆಯಾ ಕಚೇರಿಗೆ ಬಿಟ್ಟದ್ದು. ತಪ್ಪು ಕಂಡವರು ತಾವೇ ಕೈಹಾಕದೆ ಕೂಡಲೇ ಹೊಣೆಯವರಿಗೆ ತಿಳಿಸಬೇಕು, ಏಕೆಂದರೆ ತಪ್ಪಿನ ಮೇಲೆ ಪ್ರತಿ ಗಂಟೆಯೂ ಹೊಸದು ಬರೆಯಲ್ಪಡುತ್ತಿರುತ್ತದೆ.

ಪ್ರತಿ ಗಂಟೆಯೂ. ಅವಳು ಗೋಡೆಯ ಗಡಿಯಾರ ನೋಡಿದಳು. ತಾನು ಆಸ್ಪತ್ರೆ ಬಿಟ್ಟು ಎರಡು ಗಂಟೆಯಾಗಿತ್ತು.

"ಇದೇ ಕೊಡಿ" ಎಂದಳು.

ಯಜಮಾನ ಕಾಗದದಲ್ಲಿ ಸುತ್ತಲು ಹೋದ. ಬೇಡವೆಂದು ಪುಸ್ತಕವನ್ನು ಎದೆಗವಚಿಕೊಂಡಳು. ದುಡ್ಡು ಕೊಟ್ಟು ಚಿಲ್ಲರೆ ಮರೆತು ಮೆಟ್ಟಿಲು ಇಳಿದಾಗ ಅವನು ಹಿಂದಿನಿಂದ ಕೂಗಿದ. "ನಿಮ್ಮ ಸೊಸೆಗೆ ಹೇಳಿ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರೆಯೋಕೆ! ಸುಮ್ಮನೆ ಬರೆದು ಹೊಡೆದು ಹಾಕಿದ್ರೆ ಮೇಷ್ಟ್ರಿಗೆ ಸಿಟ್ಟು ಬರುತ್ತೆ!"

ಬಸ್ಸಿನಲ್ಲಿ ಅವಳು ಪುಸ್ತಕ ತೆರೆಯಲಿಲ್ಲ. ಹೇಳಬೇಕಾದ ಮಾತನ್ನು ಬಾಯಿಯೊಳಗೇ ಉರುಹೊಡೆದಳು. ಪ್ರತಿ ಸಲವೂ ಅದು "ಆದೇಶದಂತೆ" ಎಂದು ಶುರುವಾಗುತ್ತಿತ್ತು. ಪ್ರತಿ ಸಲವೂ ಅವಳಿಗೇ ಅಸಹ್ಯವಾಗುತ್ತಿತ್ತು. ಎರಡನೆಯ ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ, ಇಳಿದು ಮನೆಗೆ ಹೋಗಿ ಹೊದ್ದು ಮಲಗಿದರೆ ಹೇಗೆ ಎಂದೂ ಯೋಚಿಸಿದಳು. ಇಳಿಯಲಿಲ್ಲ, ಅಷ್ಟೇ ಅವಳ ಧೈರ್ಯ.

ಸಿಸ್ಟಮ್ ಮೇಡಂ ಊಟದ ಡಬ್ಬಿ ಮುಚ್ಚುತ್ತಿದ್ದಳು. ಕಾರ್ಡಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಜನವರಿ ಒಂದು, ಪೆನ್ಸಿಲು, ಐವತ್ತಮೂರು, ಸಾಣೆಯವನು. ಹುಡುಗಿಯ ಮುಖದ ಬಣ್ಣ ಇಳಿಯಿತು. ಕಣ್ಣು ಕಾರ್ಡಮ್ಮನ ಎದೆಯ ಮೇಲಿದ್ದ ಪುಸ್ತಕಕ್ಕೆ ಹೋಯಿತು.

"ಇದನ್ನ ತರೋಕೆ ಹೋಗಿದ್ರಾ?"

"ಹೂಂ ಮೇಡಂ. ನಾನೇ ಓದಿ…"

"ಅಮ್ಮಾ, ನನ್ನ ರೂಮು ನಿಮ್ಮ ರೂಮಿಂದ ಹತ್ತು ಹೆಜ್ಜೆ" ಎಂದಳು ಹುಡುಗಿ. ಬೈದಂತೆ ಹೇಳಲಿಲ್ಲ. ಅಳು ಬಂದವಳಂತೆ ಹೇಳಿದಳು. "ಲಾಗ್ ಏಳು ದಿನ ಇರುತ್ತೆ. ಎಲ್ಲಾ ಬಿಡಿಸಬಹುದು. ಬೆಳಿಗ್ಗೇನೇ ಹೇಳಿದ್ರೆ ಇಷ್ಟೊತ್ತಿಗೆ ಮುಗಿದೇ ಹೋಗ್ತಿತ್ತು." ಮಾತಾಡುತ್ತಲೇ ಕುರ್ಚಿ ಎಳೆದುಕೊಂಡು ಸಾಣೆಯವನ ಹೆಸರು ಹೊಡೆದಳು. ಕೈ ನಿಂತಿತು. "ಬುಧವಾರ ಅಂದ್ರಲ್ಲ? ಇವರು ಇವತ್ತು ಹನ್ನೆರಡಕ್ಕೇ ಅಡ್ಮಿಟ್ ಆಗಿದಾರೆ. ಜ್ವರ ಬಂದು ಕಾಲು ಬಾತಿದೆಯಂತೆ. ಇಂಜೆಕ್ಷನ್ ಬರೆದಿದಾರೆ."

"ಯಾವುದು?"

ಹುಡುಗಿ ಪರದೆಯನ್ನು ಅವಳ ಕಡೆಗೆ ತಿರುಗಿಸ ಹೊರಟಳು, ಆದರೆ ಕಾರ್ಡಮ್ಮ ಅಲ್ಲಿರಲಿಲ್ಲ.

ಗಂಡಸರ ವಾರ್ಡು ಎರಡನೆಯ ಮಹಡಿ. ಐವತ್ತೆಂಟು ವರ್ಷದ ಮಂಡಿ ಹಿಡಿದುಕೊಂಡು ಅವಳು ಮೆಟ್ಟಿಲು ಹತ್ತಿದ ರೀತಿಯನ್ನು ನೆಲ ಒರೆಸುವವಳು ಆಮೇಲೆ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದಳು. ಪುಸ್ತಕ ಎಲ್ಲೋ ನಡುವೆ ಕೈಜಾರಿತು. ಬಾಯಲ್ಲಿ ಒಂದೇ ಮಾತು, ಚುಚ್ಚಬೇಡಿ, ಚುಚ್ಚಬೇಡಿ. ಅದು ಹೊರಗೆ ಕೇಳುತ್ತಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ವಾರ್ಡಿನ ಕೊನೆಯ ಮಂಚದ ಸುತ್ತ ಜನ ನಿಂತಿದ್ದರು. ಜನ ಯಾಕೆ ನಿಂತಿದ್ದಾರೆ ಎಂದು ಕೆಟ್ಟದ್ದನ್ನೇ ಊಹಿಸಿಕೊಂಡಳು. ನೂಕಿಕೊಂಡು ಒಳಗೆ ನುಗ್ಗಿದಳು.

ಸಾಣೆಯವನು ದಿಂಬಿಗೆ ಒರಗಿ ಕುಳಿತಿದ್ದ. ಜ್ವರದಿಂದ ಕಣ್ಣು ಕೆಂಪಗಾಗಿತ್ತು. ಎರಡೂ ತೋಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಎದೆಯ ಮೇಲೆ ಅಂಗಿಯ ಜೇಬಿನಿಂದ ಹಳದಿಯಾದ ಒಂದು ಕಾರ್ಡು ಇಣುಕುತ್ತಿತ್ತು, ಕೆಳಮೂಲೆ ಕತ್ತರಿಸಿದ್ದು. ಟ್ರೇ ಹಿಡಿದ ನರ್ಸಮ್ಮನ ಮುಖ ಬೇಸತ್ತು ಹೋಗಿತ್ತು.

"ಅಂತೂ ಬಂದ್ರಾ! ಒಂದು ಗಂಟೆಯಿಂದ ನಿಮಗೆ ಫೋನ್ ಮಾಡಿ ಮಾಡಿ ಸಾಕಾಯ್ತು" ಎಂದಳು ನರ್ಸಮ್ಮ. "ಹಲ್ಲು ಕೀಳಿಸೋಕೆ ಹೋಗಿದಾರೆ ಅಂದ್ರು. ಈ ಅಜ್ಜ ನೋಡಿ, ತನಗೆ ಯಾವುದೋ ಔಷಧಿ ಆಗಲ್ಲ ಅಂತಾರೆ. ಕಂಪ್ಯೂಟರಲ್ಲಿ ನೋಡಿದ್ರೆ ಏನೂ ಇಲ್ಲ. ಆ ಕಾರ್ಡು ಇಪ್ಪತ್ತು ವರ್ಷದ್ದು, ಆಮೇಲೆ ಪರೀಕ್ಷೆ ಮಾಡಿ ತೆಗೆದಿರಬಹುದು, ಹೊಸದೇ ಸರಿ ಅಂದ್ರೆ ಕೇಳಲ್ಲ. ನೀವು ಬರೋವರೆಗೂ ಕೈ ಕೊಡಲ್ಲ ಅಂತ ಹಟ."

ಅಂದರೆ ಆ ಮೂರು ಫೋನೂ ಇದಕ್ಕೇ. ಅವಳನ್ನು ಹಿಡಿಯುವುದಕ್ಕಲ್ಲ, ಕೇಳುವುದಕ್ಕೆ. ಕಾರ್ಡಮ್ಮ ಮಂಚದ ಕಂಬಿ ಹಿಡಿದುಕೊಂಡಳು.

"ನಾನು ಆಗಲಿಂದ ಹೇಳ್ತಾ ಇದೀನಿ" ಎಂದ ಸಾಣೆಯವನು. ದನಿ ಕ್ಷೀಣವಾಗಿತ್ತು, ಆದರೆ ಅದರಲ್ಲಿ ಗೆದ್ದವನ ಹುರುಪಿತ್ತು. "ಈ ಮೂಲೆ ಕತ್ತರಿಸಿದೋಳು ಬರಲಿ. ನಾನು ಸಾಣೆ ಹಿಡಿದ ಕತ್ತರಿ ಇದು. ಕಂಪ್ಯೂಟರು ತಪ್ಪಬಹುದು, ಡಾಕ್ಟ್ರು ತಪ್ಪಬಹುದು, ಕಾರ್ಡಮ್ಮ ತಪ್ಪೋಳಲ್ಲ. ಹೇಳು ತಾಯಿ ಇವರಿಗೆ."

ಎಲ್ಲರೂ ಅವಳ ಕಡೆ ನೋಡಿದರು. ಹೌದು, ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಉಳಿದದ್ದನ್ನು ಸಿಸ್ಟಮ್ ಮೇಡಂ ಕೋಣೆಯಲ್ಲಿ ಮುಚ್ಚಿದ ಬಾಗಿಲ ಹಿಂದೆ ನೋಡಿಕೊಳ್ಳಬಹುದಿತ್ತು. ಅವಳಿಗೆ ಆ ಆಸೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಕಾರ್ಡು ನಿಜ ಸಿಸ್ಟರ್, ಪೆನಿಸಿಲಿನ್ ಕೊಡಬೇಡಿ" ಎಂದಳು. ಆಮೇಲೆ ಅವನ ಕಡೆಗೆ ತಿರುಗಿದಳು. "ಕಂಪ್ಯೂಟರಲ್ಲಿ ಅದನ್ನ ಅಳಿಸಿದ್ದು ನಾನೇ. ನಿನ್ನ ಹೆಸರಿನ ಇನ್ನೊಬ್ಬನ ಜೊತೆ ಸೇರಿಸಿಬಿಟ್ಟೆ. ಬೆಳಿಗ್ಗೇನೇ ಗೊತ್ತಾಯ್ತು. ಹೆದರಿಕೊಂಡು ಯಾರಿಗೂ ಹೇಳದೆ ಹೊರಟುಹೋದೆ. ಫೋನೂ ಆಫ್ ಮಾಡಿದೆ."

ನರ್ಸಮ್ಮ ಟ್ರೇಯ ಮೇಲಿನ ಸೂಜಿಯನ್ನು ನೋಡಿದಳು, ಅದನ್ನು ಬಟ್ಟೆಯಿಂದ ಮುಚ್ಚಿ, ಡಾಕ್ಟರನ್ನು ಕರೆಯಲು ಬೇಗ ಬೇಗ ನಡೆದಳು. ಸುತ್ತ ನಿಂತವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮಂಚಕ್ಕೆ ಸರಿದರು. ಸಾಣೆಯವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಲ್ಲುನೋವು ಹೇಗಿದೆ?" ಎಂದು ಕೇಳಿದ.

"ಹಲ್ಲುನೋವಿರಲಿಲ್ಲ."

"ಹೂಂ" ಎಂದ.

ಡಾಕ್ಟರು ಬಂದರು, ಬೇರೆ ಔಷಧಿ ಬರೆದರು. ಕೆಳಗೆ ಸಿಸ್ಟಮ್ ಮೇಡಂ ಐವತ್ತಮೂರು ಜೋಡಿಗಳನ್ನು ಒಂದೊಂದಾಗಿ ಬಿಡಿಸುತ್ತ ಕುಳಿತಿದ್ದಳು. ಯಾವುದು ಯಾರದೆಂದು ಹೇಳಲು ಕಾರ್ಡಮ್ಮ ಹೋಗಬೇಕಿತ್ತು, ಆಮೇಲೆ ಸೂಪರಿಂಟೆಂಡೆಂಟರ ಕೋಣೆಗೂ. ಹೋಗುವ ಮೊದಲು, ಇಪ್ಪತ್ತಾರು ವರ್ಷದ ಅಭ್ಯಾಸದಂತೆ, ಕೆಲಸ ಮುಗಿದ ಕಾರ್ಡನ್ನು ತೆಗೆದುಕೊಳ್ಳಲು ಅವಳ ಕೈ ತನ್ನಷ್ಟಕ್ಕೆ ತಾನೇ ಮುಂದೆ ಚಾಚಿತು.

ಸಾಣೆಯವನು ಕಾರ್ಡನ್ನು ಜೇಬಿನಿಂದ ತೆಗೆದ. ಕತ್ತರಿಸಿದ ಮೂಲೆಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ. ಆಮೇಲೆ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡ.

"ಇದು ನನ್ನ ಹತ್ರಾನೇ ಇರಲಿ ಕಾರ್ಡಮ್ಮ" ಎಂದ.